ಆಕ್ಟೇವಿಯಾ ಆರ್‌ಎಸ್‌ಗೆ ಹಗುರ ಫ್ಲೈವೀಲ್: ನಾಲ್ಕು ಸಲ ಗೇರ್‌ಬಾಕ್ಸ್ ಇಳಿಸಿದ ಲೆಕ್ಕ

ಕಾರು 2004ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಟರ್ಬೊ ಪೆಟ್ರೋಲ್, 20 ವಾಲ್ವ್, 150 ಅಶ್ವಶಕ್ತಿ, ಐದು ಗೇರು. ಕೆಲಸ ಶುರು ಮಾಡಿದಾಗ 1,38,000 ಕಿ.ಮೀ. ಓಡಿತ್ತು. ಅಪ್ಪನ ಪ್ರಕಾರ ಇದು ಸ್ಪೋರ್ಟ್ಸ್ ಕಾರಲ್ಲ, ಡಿಕ್ಕಿ ದೊಡ್ಡದಿರುವ ಸಾಮಾನ್ಯ ಗಾಡಿ. ಮುಳ್ಳಯ್ಯನಗಿರಿಯ ತಿರುವುಗಳಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಹೋದ ಮೇಲೂ ಅಭಿಪ್ರಾಯ ಬದಲಾಗಲಿಲ್ಲ. ಬಾಗಿಲ ಮೇಲಿನ ಹಿಡಿಯನ್ನು ಮಾತ್ರ ಕೈಮರಕ್ಕೆ ಇಳಿಯುವವರೆಗೆ ಬಿಡಲಿಲ್ಲ.

ಎಂಜಿನ್ ಆರಿಸಿದಾಗ ಒಳಗೆಲ್ಲೋ ದಡಕ್ ಎನ್ನುತ್ತಿತ್ತು. ಮೊದಲ ಗೇರಿನಲ್ಲಿ ಕ್ಲಚ್ ಬಿಡುವಾಗ ಇಡೀ ಕಾರು ನಡುಗುತ್ತಿತ್ತು. ಫ್ಲೈವೀಲ್ ಎಂದರೆ ಎಂಜಿನ್ನಿನ ತುದಿಯಲ್ಲಿ ಅದರ ಜೊತೆಗೇ ತಿರುಗುವ ಭಾರದ ಚಕ್ರ, ಕ್ಲಚ್ ಪ್ಲೇಟ್ ಒತ್ತಿಕೊಳ್ಳುವುದು ಅದಕ್ಕೇ. ನನ್ನ ಕಾರಿನಲ್ಲಿದ್ದದ್ದು ಡ್ಯುಯಲ್ ಮಾಸ್ ಫ್ಲೈವೀಲ್, ಅಂದರೆ ಎರಡು ಚಕ್ರಗಳ ನಡುವೆ ಸ್ಪ್ರಿಂಗ್ ಇಟ್ಟು ಮಾಡಿದ್ದು. ಅದು ಸವೆದಿತ್ತು. ಅದೇ ಬಗೆಯ ಹೊಸ ಸೆಟ್ಟಿಗೆ, ಕ್ಲಚ್ಚೂ ಸೇರಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೇಳಿದ ಬೆಲೆ 52,000 ರೂಪಾಯಿ. ಇನ್ನೊಬ್ಬರ ಬಳಿ ಎರಡನೇ ಕೈಯ ಹಗುರ ಫ್ಲೈವೀಲ್ ಇತ್ತು. ಒಂದೇ ತುಂಡು ಉಕ್ಕು, ಜೊತೆಗೆ ಕ್ಲಚ್ ಪ್ಲೇಟನ್ನು ಅದಕ್ಕೆ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್, 24,000 ರೂಪಾಯಿ. ಅರ್ಧಕ್ಕಿಂತ ಕಡಿಮೆ ಬೆಲೆ, ಸಾಲದ್ದಕ್ಕೆ ಎಂಜಿನ್ ಚುರುಕಾಗುತ್ತದೆ ಎಂಬ ಆಸೆ. ಆಸೆಯ ಪಾಲೇ ಹೆಚ್ಚಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನವೆಂಬರ್ 8 ಮತ್ತು 9: ಮೊದಲ ಸಲ

ಜಾಗ ನಮ್ಮ ತೋಟದ ಶೆಡ್ಡು. ಕೊಯ್ಲು ಶುರುವಾಗುವ ಮೊದಲು ಖಾಲಿ ಮಾಡಬೇಕು ಎಂಬ ಷರತ್ತಿನ ಮೇಲೆ ಸಿಕ್ಕಿದ್ದು.

ಸಲಕರಣೆ: ಟ್ರಾಲಿ ಜಾಕ್ ಒಂದು, ಸ್ಟ್ಯಾಂಡ್ ನಾಲ್ಕು, ಅರ್ಧ ಟನ್ನಿನ ಚೈನ್ ಬ್ಲಾಕ್, ಸಾಕೆಟ್ ಸೆಟ್, ಟಾರ್ಕ್ ರೆಂಚ್, ಡ್ರೈವ್ ಶಾಫ್ಟ್ ಬೋಲ್ಟುಗಳಿಗೆ ಹನ್ನೆರಡು ಮೂಲೆಯ 8 ಮಿ.ಮೀ. ಬಿಟ್. ಈ ಬಿಟ್ ಇಲ್ಲದೆ ಕೆಲಸಕ್ಕೆ ಕೈ ಹಾಕಬೇಡಿ. ನಾನು ಮೊದಲ ಬೋಲ್ಟಿಗೆ ಅಲನ್ ಕೀ ತುರುಕಿ ಅದರ ತಲೆಯನ್ನು ದುಂಡಗೆ ಮಾಡಿದೆ. ಉಳಿ ಇಟ್ಟು ಹೊಡೆದು ತೆಗೆಯಲು ಒಂದೂವರೆ ಗಂಟೆ ಹೋಯಿತು.

ಎಂಜಿನ್ನನ್ನು ಮೇಲಿನಿಂದ ಹಿಡಿದುಕೊಳ್ಳಲು ಸಿಲ್ವರ್ ಓಕ್ ತೊಲೆಯೊಂದನ್ನು ಶೆಡ್ಡಿನ ಎರಡು ಕಂಬಗಳ ಮೇಲೆ ಅಡ್ಡ ಹಾಕಿ ಚೈನ್ ಬ್ಲಾಕ್ ಕಟ್ಟಿದೆವು. ಬ್ಯಾಟರಿ, ಅದರ ತಟ್ಟೆ, ಸ್ಟಾರ್ಟರ್, ಗೇರ್ ಕೇಬಲ್‌ಗಳು, ಎರಡೂ ಡ್ರೈವ್ ಶಾಫ್ಟ್, ಆಮೇಲೆ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಹಿಡಿದಿಡುವ ಮೌಂಟ್. ಪೆಡಲ್ ತುಳಿದಾಗ ಆಯಿಲಿನ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರನ್ನು ಪೈಪ್ ಬಿಚ್ಚದೆ ಪಕ್ಕಕ್ಕೆ ಕಟ್ಟಿಟ್ಟೆ. ಅದು ಹಾಗೆ ನೇತಾಡುತ್ತಿರುವಾಗ ಯಾರೂ ಕ್ಲಚ್ ಪೆಡಲ್ ತುಳಿಯಬಾರದು. ತಮ್ಮನಿಗೆ ಎರಡು ಸಲ ಹೇಳಿದ್ದೆ. ಮೊಬೈಲ್ ಚಾರ್ಜರ್ ತೆಗೆಯಲು ಸೀಟಿಗೆ ಹತ್ತಿದವನು ತುಳಿದೇಬಿಟ್ಟ. ಪಿಸ್ಟನ್ ಹೊರಗೆ ಹಾರಿ, ಬ್ರೇಕ್ ಆಯಿಲ್ ಕಂಬದ ಮೇಲೆಲ್ಲ ಚಿಮ್ಮಿತು. ಅದನ್ನು ಒಳಗೆ ಕೂರಿಸಿ ಗಾಳಿ ತೆಗೆಯಲು ಇನ್ನೊಂದು ಗಂಟೆ.

ಬಿಚ್ಚಿದ ಫ್ಲೈವೀಲನ್ನು ಕಾಫಿ ಹಣ್ಣು ತೂಗುವ ತಕ್ಕಡಿಯ ಮೇಲೆ ಇಟ್ಟೆವು. ಹಳೆಯದು 12.4 ಕಿಲೋ, ಹೊಸದು 5.9. ಆ ಎರಡು ಅಂಕಿ ನೋಡಿ ಆದ ಖುಷಿ ಮುಂದಿನ ನಾಲ್ಕು ತಿಂಗಳಲ್ಲಿ ಮತ್ತೆ ಆಗಲಿಲ್ಲ.

ಜೋಡಣೆ: ಕ್ರ್ಯಾಂಕಿಗೆ ಹೊಸ ಬೋಲ್ಟ್ ಆರು, 1,450 ರೂಪಾಯಿ. ಇವು ಬಿಗಿದಾಗ ಹಿಗ್ಗುವ ಜಾತಿಯವು, ಹಳೆಯದನ್ನು ಮತ್ತೆ ಹಾಕುವಂತಿಲ್ಲ. 60 ನ್ಯೂಟನ್ ಮೀಟರ್, ಅದರ ಮೇಲೆ ಕಾಲು ಸುತ್ತು. ಪ್ರೆಷರ್ ಪ್ಲೇಟಿಗೆ 20 ನ್ಯೂಟನ್ ಮೀಟರ್, ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ. ಕ್ಲಚ್ ಪ್ಲೇಟನ್ನು ನಡುವಿಗೆ ತರುವ ಸಲಕರಣೆ ನನ್ನ ಬಳಿ ಇರಲಿಲ್ಲ. ಒಣಗಿದ ಕಾಫಿ ಗಿಡದ ಕಾಂಡವೊಂದನ್ನು ಕೆತ್ತಿ, ಇನ್ಸುಲೇಷನ್ ಟೇಪ್ ಸುತ್ತಿ ಅಳತೆಗೆ ತಂದೆ. ಕಾಫಿ ಮರ ಗಟ್ಟಿ, ನಯವಾಗಿ ಬರುತ್ತದೆ. ಇಡೀ ಯೋಜನೆಯಲ್ಲಿ ಮೊದಲ ಪ್ರಯತ್ನಕ್ಕೇ ಸರಿಹೋದದ್ದು ಅದೊಂದೇ.

ಈಗ ತಪ್ಪಿನ ವಿಷಯ. ಕೊಂಡ ಸಾಮಾನಿನಲ್ಲಿ ಕ್ಲಚ್ ಪ್ಲೇಟ್ ಇರಲಿಲ್ಲ. "ನಿಮ್ಮ ಹಳೆಯದೇ ಕೂರುತ್ತದೆ" ಎಂದಿದ್ದರು. ನನ್ನ ಹಳೆಯ ಪ್ಲೇಟಿನಲ್ಲಿ ಲೈನಿಂಗ್ ಇನ್ನೂ ಅರ್ಧದಷ್ಟಿತ್ತು, ಹಲ್ಲು ಹೊಂದಿತು, ವ್ಯಾಸ ಹೊಂದಿತು. ಹಾಕಿದೆ. ನಾನು ಉಳಿಸಿದ್ದು ಏಳೆಂಟು ಸಾವಿರ.

ಇನ್ನೊಂದು ತಪ್ಪು ಅದೇ ದಿನದ್ದು. ಹೇಗೂ ಬಿಚ್ಚಿದ್ದೇನಲ್ಲ ಎಂದು ಎಂಜಿನ್ನಿನ ಕೆಳಗಿನ ಮೌಂಟಿಗೆ ಗಟ್ಟಿ ಪಾಲಿಯುರೆಥೇನ್ ಬುಷ್ ಸೇರಿಸಿದೆ, 3,200 ರೂಪಾಯಿ. ಗೇರ್ ಆಯಿಲ್ ಹೊಸದು, ದಪ್ಪ 75ಡಬ್ಲ್ಯು-90, ದರ್ಜೆ ಜಿಎಲ್-4, ಎರಡು ಲೀಟರ್, 2,600.

ನವೆಂಬರ್ 9, ರಾತ್ರಿ: ಸದ್ದು

ಸ್ಟಾರ್ಟ್ ಮಾಡಿದ ಕೂಡಲೇ ತಮ್ಮ ಕೈ ಅಡ್ಡ ಆಡಿಸಿ ನಿಲ್ಲಿಸಲು ಹೇಳಿದ. ಒಣಗಿದ ಚೆರ್ರಿ ಕಾಫಿಯನ್ನು ತಗಡಿನ ಡಬ್ಬಕ್ಕೆ ಹಾಕಿ ಬಿಡದೆ ಅಲುಗಿಸಿದರೆ ಹೇಗೋ ಹಾಗೆ. ಬಾನೆಟ್ ತೆರೆದರೆ ಸದ್ದು ಕಡಿಮೆ, ಕಾರಿನ ಕೆಳಗೆ ಬಗ್ಗಿದರೆ ಜೋರು. ಅಪ್ಪ ಜಗಲಿಯಿಂದಲೇ, "ಹಲ್ಲರ್‌ಗೆ ಕಲ್ಲು ಬಿದ್ದಿದೆಯೇನೋ" ಎಂದರು. ಕಾಫಿಯ ಸಿಪ್ಪೆ ಬಿಡಿಸುವ ನಮ್ಮ ಹಲ್ಲರ್ ಆ ಹೊತ್ತಿನಲ್ಲಿ ಓಡುತ್ತಿರಲಿಲ್ಲ.

ಒಳಗೆ ಬೋಲ್ಟ್ ಬಿಟ್ಟಿದ್ದೇನೆ ಎಂದೇ ನನಗೆ ಅನುಮಾನ. ಡಬ್ಬದಲ್ಲಿದ್ದ ಹಳೆಯ ಬೋಲ್ಟುಗಳನ್ನು ಮೂರು ಸಲ ಎಣಿಸಿದೆ. ಲೆಕ್ಕ ಸರಿಯಿತ್ತು.

ನವೆಂಬರ್ 15: ಕಿವಿಯ ಪರೀಕ್ಷೆ

ಒಂದು ವಾರ ಓಡಿಸಿ ಬರೆದುಕೊಂಡದ್ದು ಇಷ್ಟು. ನ್ಯೂಟ್ರಲ್‌ನಲ್ಲಿ, ಕ್ಲಚ್ ಬಿಟ್ಟು, 800 ಆರ್‌ಪಿಎಂ: ಪೂರ್ತಿ ಸದ್ದು. ಕ್ಲಚ್ ತುಳಿದರೆ ಒಂದು ಸೆಕೆಂಡಿನಲ್ಲಿ ಮಾಯ. ಕ್ಲಚ್ ಬಿಟ್ಟು ಎಕ್ಸಲರೇಟರ್ ಸ್ವಲ್ಪ ಒತ್ತಿದರೆ 1,100ರ ಹೊತ್ತಿಗೆ ಇಲ್ಲ. ನಾಲ್ಕನೇ ಗೇರಿನಲ್ಲಿ 1,500ರಿಂದ 1,900ರವರೆಗೆ ಗುರುಗುಟ್ಟುವಿಕೆ, 2,000 ದಾಟಿದರೆ ಶಾಂತ. ಇಳಿಜಾರಿನಲ್ಲಿ ಕಾಲು ತೆಗೆದರೆ ಮತ್ತೆ ಗಲಗಲ. ಎಂಜಿನ್ ಬಿಸಿಯಾದಷ್ಟೂ ಹೆಚ್ಚು.

ಇಷ್ಟು ಬರೆದುಕೊಂಡವನಿಗೆ ಉತ್ತರ ಕಣ್ಣ ಮುಂದೆಯೇ ಇತ್ತು. ಕ್ಲಚ್ ತುಳಿದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್, ಅಂದರೆ ಎಂಜಿನ್ನಿನ ತಿರುಗುವಿಕೆಯನ್ನು ಒಳಗೆ ತರುವ ದಂಡ, ತಿರುಗುವುದು ನಿಲ್ಲುತ್ತದೆ, ಸದ್ದೂ ನಿಲ್ಲುತ್ತದೆ. ಹಾಗಾದರೆ ಅಲುಗುತ್ತಿರುವುದು ಭಾರವಿಲ್ಲದೆ ಸುಮ್ಮನೆ ತಿರುಗುವ ಗೇರುಗಳ ಹಲ್ಲು. ಕ್ಲಚ್ ತುಳಿದಾಗ ಪ್ರೆಷರ್ ಪ್ಲೇಟನ್ನು ಒತ್ತುವ ರಿಲೀಸ್ ಬೇರಿಂಗ್ ಹಾಳಾಗಿದ್ದರೆ ತುಳಿದಾಗ ಸದ್ದು ಬರಬೇಕು, ಹೋಗಬಾರದು. ನಾನು ಇದನ್ನೆಲ್ಲ ನನ್ನ ಕೈಯಲ್ಲೇ ಬರೆದು, ಪುಟ ಮಡಚಿ, ರಿಲೀಸ್ ಬೇರಿಂಗನ್ನೇ ತರಿಸಿದೆ.

ನವೆಂಬರ್ 22: ಎರಡನೇ ಸಲ

ರಿಲೀಸ್ ಬೇರಿಂಗ್ ಮತ್ತು ಅದು ಜಾರುವ ಕೊಳವೆ, 2,850 ರೂಪಾಯಿ. ಇಳಿಸಿ ಏರಿಸಲು ಒಂದೂವರೆ ದಿನ. ಸದ್ದು ಹಾಗೇ ಇತ್ತು.

ಡಿಸೆಂಬರ್

ಕೊಯ್ಲು. ಶೆಡ್ಡು ತುಂಬ ಮೂಟೆ. ಕಾರು ಹಲಸಿನ ಮರದ ಕೆಳಗೆ. ಒಂದು ಸಂಜೆ ಮಾತ್ರ ಬಿಡುವಾಗಿ ಕೆಳಗಿನ ಮೌಂಟಿನ ಗಟ್ಟಿ ಬುಷ್ ತೆಗೆದೆ, ನಲವತ್ತು ನಿಮಿಷದ ಕೆಲಸ. ಹೊರಗಿನ ಸದ್ದು ಕೂದಲೆಳೆಯಷ್ಟೂ ಬದಲಾಗಲಿಲ್ಲ, ಒಳಗೆ ಕೂತವರಿಗೆ ಮಾತ್ರ ಅರ್ಧಕ್ಕೆ ಇಳಿಯಿತು. ಸ್ಟೀರಿಂಗಿನಲ್ಲಿದ್ದ ಝುಮ್ಮೆನ್ನುವ ಕಂಪನವೂ ಹೋಯಿತು. ಅಂದರೆ ಒಂದೂವರೆ ತಿಂಗಳು ನಾನು ಎರಡು ಬೇರೆ ಬೇರೆ ರೋಗಗಳನ್ನು ಒಂದೆಂದು ತಿಳಿದು ಕೇಳಿಸಿಕೊಂಡಿದ್ದೆ. ಫ್ಲೈವೀಲ್ ಹಾಕುವ ದಿನ ಬುಷ್ ಮುಟ್ಟದೆ ಇದ್ದಿದ್ದರೆ ಇದು ಎಷ್ಟೋ ಮೊದಲೇ ಗೊತ್ತಾಗುತ್ತಿತ್ತು.

ಜನವರಿ 10: ಮೂರನೇ ಸಲ, ಹಾಸನ

ಇನ್‌ಪುಟ್ ಶಾಫ್ಟಿನ ಬೇರಿಂಗ್ ಹೋಗಿದೆ ಎಂದು ನಾನೇ ತೀರ್ಮಾನಿಸಿದೆ. ಯಾರೂ ಹೇಳಿದ್ದಲ್ಲ. ಗೇರ್‌ಬಾಕ್ಸ್ ಇಳಿಸಿ, ಜೀಪಿನ ಹಿಂದೆ ಗೋಣಿಚೀಲದ ಮೇಲೆ ಮಲಗಿಸಿ, ಬೇಲೂರಿನ ಮೇಲೆ ಹಾಸನಕ್ಕೆ ಒಯ್ದೆ. ಗೇರ್‌ಬಾಕ್ಸ್ ಕೆಲಸದಲ್ಲೇ ತಲೆ ಹಣ್ಣಾದ ಮೇಸ್ತ್ರಿಯೊಬ್ಬರು ಅಲ್ಲಿದ್ದಾರೆ.

ಅವರು ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಬೇರಿಂಗನ್ನು ಅಂಗೈ ಮೇಲಿಟ್ಟು ತಿರುಗಿಸಿ ನನ್ನ ಕಿವಿಯ ಹತ್ತಿರ ಹಿಡಿದರು. ಏನೂ ಕೇಳಿಸಲಿಲ್ಲ.

"ಬೇರಿಂಗ್ ಚೆನ್ನಾಗಿಯೇ ಇದೆ ಸರ್. ಬದಲಾಯಿಸಲೇಬೇಕೇ?"

"ಇಷ್ಟು ದೂರ ತಂದಿದ್ದೇನೆ, ಬದಲಾಯಿಸಿಬಿಡಿ."

"ಕ್ಲಚ್ ಪ್ಲೇಟ್ ಯಾವುದು ಹಾಕಿದ್ದೀರಿ?"

"ಕಂಪನಿಯದೇ, ಹಳೆಯದು. ಲೈನಿಂಗ್ ಇದೆ."

ಅವರು ಇನ್ನೇನೋ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ನನ್ನ ಫೋನ್ ಬಂತು, ನಾನು ಹೊರಗೆ ಹೋದೆ. ಆ ಕರೆ ಯಾರದ್ದೆಂದು ಈಗ ನೆನಪಿಲ್ಲ. ಮರಳಿ ಬಂದಾಗ ಅವರು ಪ್ರೆಸ್ಸಿನ ಮುಂದೆ ಕೂತು ಹೊಸ ಬೇರಿಂಗ್ ಒತ್ತುತ್ತಿದ್ದರು. ಬೇರಿಂಗ್, ಸೀಲು, ಆಯಿಲ್, ಕೂಲಿ ಸೇರಿ 21,400 ರೂಪಾಯಿ. ಕೆಲಸ ಅಚ್ಚುಕಟ್ಟಾಗಿತ್ತು, ಗೇರುಗಳು ಬೆಣ್ಣೆಯ ಹಾಗೆ ಬೀಳತೊಡಗಿದವು. ಸದ್ದು ಮಾತ್ರ ಎಳ್ಳಷ್ಟೂ ಕದಲಲಿಲ್ಲ.

ಜನವರಿ 25: ದಪ್ಪ ಆಯಿಲ್

ಟ್ರ್ಯಾಕ್ಟರ್ ಇಟ್ಟುಕೊಂಡಿರುವ ಗೆಳೆಯ ಕೊಟ್ಟ ಸಲಹೆ: 85ಡಬ್ಲ್ಯು-140 ಹಾಕು, ಹಲ್ಲುಗಳ ನಡುವಿನ ಸಂದು ತುಂಬಿಕೊಳ್ಳುತ್ತದೆ. 1,300 ರೂಪಾಯಿ. ತಣ್ಣಗಿರುವಾಗ ಸದ್ದು ನಿಜಕ್ಕೂ ಕಡಿಮೆಯಾಯಿತು. ಹತ್ತು ಕಿಲೋಮೀಟರ್ ಓಡಿ ಬಿಸಿಯಾದ ಮೇಲೆ ಅದೇ ರಾಗ. ಬೆಳಗಿನ ಚಳಿಯಲ್ಲಿ ಎರಡನೇ ಗೇರ್ ಬೀಳುತ್ತಲೇ ಇರಲಿಲ್ಲ. ಮೊದಲಿನಿಂದ ನೇರ ಮೂರಕ್ಕೆ ಹಾಕಿಕೊಂಡು ಗೇಟು ದಾಟಬೇಕು. ಆಮೇಲೆ ಡಬ್ಬದ ಹಿಂದೆ ಓದಿದರೆ ಅದು ಜಿಎಲ್-5. ಗೇರು ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ರಿಂಗ್ ಇರುವ ಗೇರ್‌ಬಾಕ್ಸಿಗೆ ಅದನ್ನು ಹಾಕಬಾರದು. ಒಂಬತ್ತನೇ ದಿನ ಇಳಿಸಿ ಮತ್ತೆ ಜಿಎಲ್-4 ತುಂಬಿದೆ, ಇನ್ನೊಂದು 2,600. ಇಳಿಸಿದ ಆಯಿಲ್ ಶೆಡ್ಡಿನ ಬಾಗಿಲ ತಿರುಗಣಿಗೆ ಹೋಗಿದೆ, ಆ ಬಾಗಿಲು ಈಗ ಸದ್ದು ಮಾಡುವುದಿಲ್ಲ.

ಫೆಬ್ರವರಿ 19: ಟಾರ್ಪಾಲಿನ ಮೂಲೆ

ಕಣದಲ್ಲಿ ಮೆಣಸು ಒಣಗಲು ಹಾಕಿದ್ದೆವು. ಗಾಳಿಗೆ ಟಾರ್ಪಾಲು ಏಳದಂತೆ ಅಪ್ಪ ಮೂಲೆಗಳಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಇಡುತ್ತಾರೆ: ಒಂದು ಕಲ್ಲು, ಒಡೆದ ನೇಗಿಲಿನ ಕುಳ, ಇಟ್ಟಿಗೆ, ನಾಲ್ಕನೆಯದು ನಮ್ಮ ಹಳೆಯ ಜೀಪಿನ ಸವೆದ ಕ್ಲಚ್ ಪ್ಲೇಟ್. ವರ್ಷಗಳಿಂದ ಅಲ್ಲೇ ಇದೆ, ಎಷ್ಟು ಸಲ ಎಡವಿದ್ದೇನೋ. ಅವತ್ತು ಮೆಣಸು ಕೆದಕಲು ಕುಕ್ಕರಗಾಲಿನಲ್ಲಿ ಕೂತಾಗ ಅದು ನನ್ನ ಮೂಗಿನ ಮುಂದೆಯೇ ಇತ್ತು. ನಡುವಿನ ಗುಂಬದ ಸುತ್ತ ಕಿಟಕಿಗಳು. ಒಂದೊಂದು ಕಿಟಕಿಯಲ್ಲೂ ಹೆಬ್ಬೆರಳ ಗಾತ್ರದ ತುಕ್ಕು ಹಿಡಿದ ಸ್ಪ್ರಿಂಗ್.

ಕೂತಲ್ಲೇ ಫೋನ್ ತೆಗೆದು ನವೆಂಬರಿನ ಫೋಟೋ ಹಿಗ್ಗಿಸಿ ನೋಡಿದೆ. ನನ್ನ ಪ್ಲೇಟಿನ ನಡುವೆ ಬರೀ ತಗಡು, ರಿವೆಟ್ಟು. ಸ್ಪ್ರಿಂಗ್ ಒಂದೂ ಇಲ್ಲ.

ಇಷ್ಟೇ ವಿಷಯ. ಡ್ಯುಯಲ್ ಮಾಸ್ ಫ್ಲೈವೀಲಿನ ಹೊಟ್ಟೆಯಲ್ಲೇ ಸ್ಪ್ರಿಂಗ್ ಇರುವುದರಿಂದ ನನ್ನ ಕಾರಿನ ಪ್ಲೇಟಿಗೆ ಸ್ಪ್ರಿಂಗ್ ಇಟ್ಟಿರಲಿಲ್ಲ. ಜೀಪಿನಂಥ ಒಂಟಿ ಫ್ಲೈವೀಲಿನ ಗಾಡಿಗಳಲ್ಲಿ ಆ ಕೆಲಸ ಪ್ಲೇಟಿನದು. ನಾನು ಫ್ಲೈವೀಲಿನ ಸ್ಪ್ರಿಂಗ್ ತೆಗೆದೆ, ಪ್ಲೇಟಿಗೆ ಸ್ಪ್ರಿಂಗ್ ತರಲಿಲ್ಲ. 800 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರಿನ ಎಂಜಿನ್ ಸೆಕೆಂಡಿಗೆ ಹೆಚ್ಚುಕಡಿಮೆ 27 ಸಲ ಸಿಡಿಯುತ್ತದೆ. ಆ ಪ್ರತಿ ಏಟೂ ನೇರವಾಗಿ ಗೇರಿನ ಹಲ್ಲಿಗೆ ಬೀಳುತ್ತಿತ್ತು. ಹಾಸನದ ಮೇಸ್ತ್ರಿ ಕೇಳಲು ಹೊರಟಿದ್ದು ಇದನ್ನೇ. ಆ ರಾತ್ರಿ ಅವರಿಗೆ ಫೋನ್ ಮಾಡಿ ಕೇಳಿದೆ. "ಹೌದು ಸರ್, ನೀವು ಕಂಪನಿಯದೇ ಎಂದಿರಲ್ಲ, ಒಂಟಿ ಫ್ಲೈವೀಲ್ ಹಾಕಿದ್ದೀರಿ ಎಂದು ಹೇಳಲೇ ಇಲ್ಲ" ಎಂದರು. ನಿಜ, ಹೇಳಿರಲಿಲ್ಲ. ಹೇಳಿದರೆ ಸದ್ದಿಗೆ ಅದೇ ಕಾರಣ ಎಂದುಬಿಟ್ಟಾರು ಎಂಬ ಅಳುಕು ಮನಸ್ಸಿನ ಮೂಲೆಯಲ್ಲಿತ್ತು.

ಮಾರ್ಚ್ 1: ನಾಲ್ಕನೇ ಸಲ

ಸ್ಪ್ರಿಂಗ್ ಇರುವ ಪ್ಲೇಟ್, ಕೊರಿಯರ್ ಸೇರಿ 7,900 ರೂಪಾಯಿ. ಗೇರ್‌ಬಾಕ್ಸ್ ಇಳಿಸಿ ಏರಿಸಲು ಐದೂವರೆ ಗಂಟೆ ಸಾಕಾಯಿತು. ಕೈ ಅಷ್ಟು ಪಳಗಿತ್ತು. ತಮ್ಮನನ್ನು ಕಾರಿನ ಬಾಗಿಲ ಹತ್ತಿರ ಬಿಟ್ಟುಕೊಳ್ಳಲಿಲ್ಲ.

ಈ ಸಲ ಎರಡು ಕಡೆ ಎಚ್ಚರ ವಹಿಸಿದೆ. ಒಂದು, ಪ್ಲೇಟಿನ ದಿಕ್ಕು. ಉಬ್ಬಿದ ಬದಿ ಗೇರ್‌ಬಾಕ್ಸಿನ ಕಡೆಗೆ, ಅದರ ಮೇಲೆ ಬರೆದೂ ಇರುತ್ತದೆ. ಎರಡು, ಸ್ಪ್ರಿಂಗುಗಳು ಫ್ಲೈವೀಲಿನ ಬೋಲ್ಟಿನ ತಲೆಗೆ ತಾಗುತ್ತವೆಯೇ ಎಂಬುದು. ಬೇರೆ ಬೇರೆ ಕಡೆಯಿಂದ ತಂದ ಸಾಮಾನು ಜೋಡಿಸುವಾಗ ಇದನ್ನು ನೋಡದೆ ಮುಚ್ಚಿದರೆ ಮೊದಲ ದಿನವೇ ಪ್ಲೇಟ್ ಕೊರೆದುಹೋಗುತ್ತದೆ. ಅಮ್ಮ ಚಪಾತಿಗೆ ಕಲಸಿಟ್ಟಿದ್ದ ಹಿಟ್ಟಿನಲ್ಲಿ ನಿಂಬೆ ಗಾತ್ರದ ಉಂಡೆ ತಂದು, ಆರೂ ಬೋಲ್ಟಿನ ತಲೆಗೆ ಮೆತ್ತಿ, ಪ್ಲೇಟ್ ಇಟ್ಟು ಕೈಯಿಂದ ಒಂದು ಸುತ್ತು ತಿರುಗಿಸಿ, ಪ್ರೆಷರ್ ಪ್ಲೇಟ್ ಬಿಗಿದು ಮತ್ತೆ ಬಿಚ್ಚಿದೆ. ಹಿಟ್ಟಿನಲ್ಲಿ ಸ್ಪ್ರಿಂಗಿನ ಅಚ್ಚು ಮೂಡಿತ್ತು. ಅತಿ ತೆಳುವಾದ ಕಡೆ ವರ್ನಿಯರ್ ಇಟ್ಟು ಅಳೆದರೆ 2.6 ಮಿ.ಮೀ. ಸಾಕು. ಹಿಟ್ಟು ಪೂರ್ತಿ ಒರೆಸಿ, ಥಿನ್ನರ್ ಬಟ್ಟೆಯಲ್ಲಿ ತೊಳೆದು ಮುಚ್ಚಿದೆ. ಅಮ್ಮನಿಗೆ ಉಂಡೆಯ ಲೆಕ್ಕ ತಪ್ಪಿದ್ದು ಆ ರಾತ್ರಿಯೇ ಗೊತ್ತಾಯಿತು.

ಬಿಚ್ಚಿದ ಸ್ಪ್ರಿಂಗಿಲ್ಲದ ಪ್ಲೇಟನ್ನು ಅಪ್ಪ ಮರುದಿನವೇ ಟಾರ್ಪಾಲಿಗೆ ಒಯ್ದರು. ಇಟ್ಟಿಗೆಗೆ ಬಿಡುಗಡೆಯಾಯಿತು.

ಅಳತೆ

ಬಾನೆಟ್ ಮುಚ್ಚಿ, ಕಾರಿನ ಮೂತಿಯಿಂದ ಒಂದು ಮೀಟರ್ ದೂರ ಸ್ಟೂಲಿನ ಮೇಲೆ ಫೋನ್ ಇಟ್ಟು, ಪ್ರತಿ ಸಲವೂ ಅದೇ ಜಾಗ, ಎಂಜಿನ್ ಬಿಸಿ. ಕ್ಲಚ್ ತುಳಿದಾಗ, ಅಂದರೆ ಬರೀ ಎಂಜಿನ್ನಿನ ಸದ್ದು, 58 ಡೆಸಿಬಲ್. ಕ್ಲಚ್ ಬಿಟ್ಟರೆ ಹಳೆಯ ಪ್ಲೇಟಿನಲ್ಲಿ 66, ಹೊಸದರಲ್ಲಿ 60. ಆಮೇಲೆ ಗೆಳೆಯನ ಲ್ಯಾಪ್‌ಟಾಪ್ ಮತ್ತು ಡಯಾಗ್ನಾಸ್ಟಿಕ್ ಕೇಬಲ್ ತಂದು ಐಡಲನ್ನು, ಅಂದರೆ ಕಾಲು ಒತ್ತದಿರುವಾಗಿನ ಎಂಜಿನ್ ವೇಗವನ್ನು, 800ರಿಂದ 860 ಆರ್‌ಪಿಎಂಗೆ ಏರಿಸಿದೆ, ಅದರಿಂದ ಇನ್ನೊಂದು ಡೆಸಿಬಲ್ ಇಳಿಯಿತು. ನಾಲ್ಕನೇ ಗೇರಿನ ಗುರುಗುಟ್ಟುವಿಕೆ ಈಗ 1,500ರ ಕೆಳಗೆ ಮಾತ್ರ, ಅಲ್ಲಿ ನಾನು ಓಡಿಸುವುದೇ ಇಲ್ಲ.

ಉಳಿದ ಸದ್ದು ಉಳಿಯುತ್ತದೆ. 12.4 ಕಿಲೋ ಇದ್ದ ಕಡೆ 5.9 ಕಿಲೋ ಇಟ್ಟ ಮೇಲೆ ಅದು ಪೂರ್ತಿ ಹೋಗುವುದಿಲ್ಲ, ಹೋಗುತ್ತದೆ ಎಂದು ಹೇಳಿ ಮಾರುವವರನ್ನು ನಂಬಬೇಡಿ. ಎ.ಸಿ. ಹಾಕಿ ಸಿಗ್ನಲಿನಲ್ಲಿ ನಿಂತಾಗ ಸಣ್ಣಗೆ ಕೇಳಿಸುತ್ತದೆ. ಪೆಟ್ರೋಲ್ ಬಂಕಿನ ಹುಡುಗ ಪ್ರತಿ ಸಲ ಬಾನೆಟ್ ಕಡೆ ಕಿವಿ ತಿರುಗಿಸುತ್ತಾನೆ. ಇನ್ನೊಂದು ತೊಂದರೆ ಯಾರೂ ಮುಂಚೆ ಹೇಳಿರಲಿಲ್ಲ: ಹಗುರ ಫ್ಲೈವೀಲಿನಲ್ಲಿ ಎಂಜಿನ್ನಿಗೆ ತಡೆದುಕೊಳ್ಳುವ ಶಕ್ತಿ ಕಡಿಮೆ, ಕ್ಲಚ್ ಬಿಡುವುದು ಕೂದಲೆಳೆ ತಪ್ಪಿದರೂ ನಿಂತುಹೋಗುತ್ತದೆ. ಮೊದಲ ವಾರದಲ್ಲಿ ಚಿಕ್ಕಮಗಳೂರಿನ ಹನುಮಂತಪ್ಪ ವೃತ್ತದಲ್ಲೇ ಮೂರು ಸಲ ನಿಂತಿತು, ಹಿಂದೆ ಬಸ್ಸು. ಅದೇ ಕಾರು ಕೈಮರ ದಾಟಿ ಏರು ಹತ್ತುವಾಗ, ಎರಡನೇ ಗೇರಿಗೆ ಇಳಿಸಿ ಕಾಲು ಒತ್ತಿದರೆ ಮುಳ್ಳು ಏರುವ ವೇಗ ನೋಡಿ ನಾಲ್ಕು ತಿಂಗಳ ಸಿಟ್ಟು ಅಲ್ಲಲ್ಲೇ ಮರೆತುಹೋಗುತ್ತದೆ.

ಖರ್ಚು

ಬೇಕಾಗಿದ್ದದ್ದು: ಫ್ಲೈವೀಲ್ ಮತ್ತು ಪ್ರೆಷರ್ ಪ್ಲೇಟ್ 24,000, ಬೋಲ್ಟ್ 1,450, ಆಯಿಲ್ 2,600, ಸ್ಪ್ರಿಂಗ್ ಪ್ಲೇಟ್ 7,900. ಒಟ್ಟು 35,950.

ದಂಡ: ಗಟ್ಟಿ ಬುಷ್ 3,200, ರಿಲೀಸ್ ಬೇರಿಂಗ್ 2,850, ಗೇರ್‌ಬಾಕ್ಸ್ ಬೇರಿಂಗ್ 21,400, ದಪ್ಪ ಆಯಿಲ್ 1,300, ಮತ್ತೆ ಆಯಿಲ್ 2,600. ಒಟ್ಟು 31,350.

ಎರಡೂ ಸೇರಿ 67,300. ದುಬಾರಿ ಎಂದು ಬಿಟ್ಟುಬಂದ ಹೊಸ ಡ್ಯುಯಲ್ ಮಾಸ್ ಸೆಟ್ಟಿನ ಬೆಲೆ 52,000 ಎಂದು ಮೇಲೆ ಬರೆದಿದ್ದೇನೆ. ಅಪ್ಪನಿಗೆ ತೋರಿಸಿದ ಪಟ್ಟಿಯಲ್ಲಿ ಮೊದಲ ಭಾಗ ಮಾತ್ರ ಇದೆ.

ಗಟ್ಟಿ ಬುಷ್ ಇನ್ನೂ ಶೆಡ್ಡಿನ ಮೊಳೆಯಲ್ಲಿ ನೇತಾಡುತ್ತಿದೆ, ಒಂದೂವರೆ ತಿಂಗಳು ಬಳಸಿದ್ದು. ಬೇಕಾದವರು ಪುಕ್ಕಟೆ ಒಯ್ಯಬಹುದು. ಹಾಕುವ ದಿನ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ.